ಮನೆ ನೋಡಿ ಬರೆಯುವ ವರದಿ: ದತ್ತು ಮಗುವಿಗೆ ತಕ್ಕ ಕುಟುಂಬವನ್ನು ಗುರುತಿಸುವುದು ಹೇಗೆ?

(ದತ್ತು ಸಂಸ್ಥೆಗಳ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳ ಸಮಾಜ ಕಾರ್ಯಕರ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಇಂದಿನ ಮಾತು ಗೃಹ ಅಧ್ಯಯನ ವರದಿಯ ಬಗ್ಗೆ. ದತ್ತು ಪಡೆಯಲು ಕಾರಾದ (ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ ಪ್ರತಿ ಕುಟುಂಬದ ಮನೆಗೂ ಒಬ್ಬ ಸಮಾಜ ಕಾರ್ಯಕರ್ತರು ಹೋಗಬೇಕು, ಮನೆಮಂದಿಯೊಡನೆ ಮಾತನಾಡಬೇಕು, ಈ ಮನೆ ಮಗುವಿಗೆ ತಕ್ಕದ್ದೇ ಎಂದು ಬರೆದು ಕೊಡಬೇಕು. ಹಾಗೆ ಬರೆದದ್ದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ದೇಶದ ಯಾವ ಮೂಲೆಯ ಮಗುವಿಗಾದರೂ ಅದೇ ಆಧಾರ. ರಾಯಚೂರಿನಲ್ಲಿ ಬರೆದ ವರದಿಯನ್ನು ಓದಿ ಒಡಿಶಾದ ಸಂಸ್ಥೆಯೊಂದು ತಾನು ಸಾಕುತ್ತಿರುವ ಮಗುವನ್ನು ಕಳಿಸಿಕೊಡಬಹುದು. ಆ ಸಂಸ್ಥೆಯವರು ಆ ಮನೆಯ ಹೊಸಿಲು ತುಳಿದಿರುವುದಿಲ್ಲ. ಅವರಿಗೆ ಕಣ್ಣು, ಕಿವಿ ಎರಡೂ ನಿಮ್ಮ ವರದಿಯೇ.

ಹೀಗಿದ್ದೂ ಎಷ್ಟೋ ವರದಿಗಳು ಶಾಲೆ ಬಿಡುವಾಗ ಕೊಡುವ ನಡತೆ ಪ್ರಮಾಣಪತ್ರದ ಹಾಗಿರುತ್ತವೆ. ‘ದಂಪತಿ ಅನ್ಯೋನ್ಯವಾಗಿದ್ದಾರೆ. ಮನೆ ಸ್ವಚ್ಛವಾಗಿದೆ. ಆರ್ಥಿಕವಾಗಿ ಸದೃಢರು. ಮಗುವನ್ನು ಚೆನ್ನಾಗಿ ನೋಡಿಕೊಳ್ಳುವ ಭರವಸೆಯಿದೆ.’ ಹೆಸರು, ವಿಳಾಸ ಬದಲಿಸಿದರೆ ಈ ನಾಲ್ಕು ವಾಕ್ಯ ಯಾವ ಮನೆಗಾದರೂ ಸಲ್ಲುತ್ತವೆ. ಇವನ್ನು ಓದಿದ ದತ್ತು ಸಂಸ್ಥೆಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ಇಷ್ಟು: ಎಂಥ ಮಗುವನ್ನು ಈ ಕುಟುಂಬ ಸಾಕಬಲ್ಲದು, ಎಂಥ ಮಗುವನ್ನು ಈಗಿನ ಸ್ಥಿತಿಯಲ್ಲಿ ಸಾಕಲಾರದು, ಹಾಗೆ ಹೇಳಲು ಕಾರ್ಯಕರ್ತರು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಏನು?

ಈ ಕೆಲಸಕ್ಕೆ ನಮ್ಮಲ್ಲಿ ಗಟ್ಟಿ ಬುನಾದಿ ಬಿದ್ದದ್ದು 1984ರಲ್ಲಿ. ಸುಪ್ರೀಂ ಕೋರ್ಟಿನ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ವಿದೇಶಿ ದತ್ತಕಕ್ಕೆ ವಿಧಿಸಿದ ಕಟ್ಟಳೆಗಳಲ್ಲಿ ಪೋಷಕರ ಮನೆಯ ವರದಿಯೂ ಒಂದು. ದೇಶ ದೇಶಗಳ ನಡುವಿನ ದತ್ತಕದ ಕುರಿತ 1993ರ ಹೇಗ್ ಒಡಂಬಡಿಕೆಯನ್ನು ಭಾರತ 2003ರಲ್ಲಿ ಅನುಮೋದಿಸಿತು. ಅದರ 15ನೇ ವಿಧಿ ವರದಿಯಲ್ಲಿ ಏನೇನಿರಬೇಕೆಂದು ಎಣಿಸಿ ಹೇಳುತ್ತದೆ: ಗುರುತು, ಅರ್ಹತೆ, ಕುಟುಂಬದ ಹಾಗೂ ಆರೋಗ್ಯದ ಹಿನ್ನೆಲೆ, ಸುತ್ತಲಿನ ಸಮಾಜ, ದತ್ತು ಬಯಸಲು ಕಾರಣ, ಕೊನೆಯಲ್ಲಿ ಎಂಥ ಮಕ್ಕಳನ್ನು ನೋಡಿಕೊಳ್ಳಲು ಇವರು ತಕ್ಕವರು ಎಂಬುದು. ದೇಶದೊಳಗಿನ ದತ್ತಕಕ್ಕೆ ಇಂದು ನಮ್ಮ ಕೈಯಲ್ಲಿರುವುದು 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಾವಳಿ. 2021ರ ತಿದ್ದುಪಡಿಯ ಬಳಿಕ ದತ್ತು ಆದೇಶ ಹೊರಡಿಸುವವರು ಜಿಲ್ಲಾಧಿಕಾರಿ.

ಕಾಗದದಲ್ಲೇ ತೀರ್ಮಾನವಾಗುವ ಅಂಶಗಳನ್ನು ಮೊದಲು ಮುಗಿಸಿಬಿಡೋಣ. ದಂಪತಿಯಾದರೆ ಕನಿಷ್ಠ 2 ವರ್ಷದ ಸ್ಥಿರ ದಾಂಪತ್ಯ ಇರಬೇಕು, ಇಬ್ಬರ ಒಪ್ಪಿಗೆಯೂ ಬೇಕು. 2 ವರ್ಷದವರೆಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85, ಒಂಟಿ ಪೋಷಕರ ವಯಸ್ಸು 40 ದಾಟಿರಬಾರದು. 2ರಿಂದ 4 ವರ್ಷದ ಮಗುವಿಗೆ 90 ಮತ್ತು 45, 4ರಿಂದ 8ಕ್ಕೆ 100 ಮತ್ತು 50, 8ರಿಂದ 18ಕ್ಕೆ 110 ಮತ್ತು 55. ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷದ ಅಂತರವಿರಬೇಕು. ಒಂಟಿ ಮಹಿಳೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವಂತಿಲ್ಲ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ದಂಪತಿಯನ್ನು ವಿಶೇಷ ಅಗತ್ಯದ ಮಕ್ಕಳಿಗೆ ಮತ್ತು ಮನೆ ಸಿಗುವುದು ಕಷ್ಟವಾದ ಮಕ್ಕಳಿಗೆ ಮಾತ್ರ ಪರಿಗಣಿಸುತ್ತಾರೆ. ಇದರಲ್ಲಿ ಸಂಬಂಧಿಕರ ಮಗು, ಮಲಮಗುವಿನ ಪ್ರಕರಣಗಳಿಗೆ ವಿನಾಯಿತಿ ಇದೆ. ಯಾವುದೇ ಅಪರಾಧದಲ್ಲಿ ಶಿಕ್ಷೆಯಾಗಿರಬಾರದು, ಮಕ್ಕಳ ಹಕ್ಕಿನ ಉಲ್ಲಂಘನೆಯ ಪ್ರಕರಣದಲ್ಲಿ ಆರೋಪಿಯೂ ಆಗಿರಬಾರದು. ಇವನ್ನೆಲ್ಲ ದಾಖಲೆ ನೋಡಿ ಕಚೇರಿಯಲ್ಲೇ ಕುಳಿತು ಹೇಳಬಹುದು. ಮನೆಗೆ ಹೋಗುವುದು ಇದರಾಚೆಯದನ್ನು ತಿಳಿಯಲಿಕ್ಕೆ.

ದಾಖಲೆಗಳು ಸಲ್ಲಿಕೆಯಾದ ದಿನದಿಂದ 60 ದಿನದೊಳಗೆ ಅಧ್ಯಯನ ಮುಗಿಯಬೇಕು. ಈ 60 ದಿನದಲ್ಲಿ ಮೊದಲ ಕೆಲಸ ಕಡತವನ್ನು ನಿಧಾನವಾಗಿ ಓದುವುದು. ಕೈಯಲ್ಲೊಂದು ಹಾಳೆ ಇಟ್ಟುಕೊಂಡು ಇಸವಿಗಳನ್ನು ಒಂದರ ಕೆಳಗೊಂದು ಬರೆಯಿರಿ: ಇಬ್ಬರ ಹುಟ್ಟು, ಓದು ಮುಗಿದದ್ದು, ಕೆಲಸಕ್ಕೆ ಸೇರಿದ್ದು, ಮದುವೆ, ಊರು ಬದಲಿಸಿದ್ದು, ಚಿಕಿತ್ಸೆ ಶುರುವಾದದ್ದು, ಮನೆಯಲ್ಲಿ ಆದ ಸಾವುಗಳು. ಎಲ್ಲೋ ಎರಡು ವರ್ಷದ ಖಾಲಿ ಜಾಗ ಕಾಣುತ್ತದೆ. ಕೆಲಸ ಹೋಗಿತ್ತೇ? ಬೇರೆ ಬೇರೆ ವಾಸವಿದ್ದರೇ? ದೊಡ್ಡ ಕಾಯಿಲೆಯೇ? ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಈ ಹಾಳೆಯಿಂದ ಹುಟ್ಟುತ್ತವೆ. ವೈದ್ಯಕೀಯ ಪ್ರಮಾಣಪತ್ರದಲ್ಲಿ ‘ಆರೋಗ್ಯವಂತರು’ ಎಂಬ ಒಂದೇ ಸಾಲಿದ್ದರೆ ಅದಕ್ಕೆ ತೃಪ್ತಿಪಡಬೇಡಿ. ದಿನವೂ ನುಂಗುವ ಮಾತ್ರೆ ಯಾವುದು, ಎಷ್ಟು ವರ್ಷದಿಂದ ಎಂದು ಕೇಳಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆಗೆ ಪಡೆಯುತ್ತಿರುವ ಚಿಕಿತ್ಸೆ ಇವು ತಾವಾಗಿ ಅನರ್ಹತೆಯಲ್ಲ. ಮನೋವೈದ್ಯರನ್ನು ಕಂಡು, ಔಷಧಿ ತೆಗೆದುಕೊಂಡು, ಕೆಲಸ ಸಂಸಾರ ಎರಡನ್ನೂ ಸರಿದೂಗಿಸುತ್ತಿರುವವರು ತಮ್ಮ ಮಿತಿಯನ್ನು ಬಲ್ಲವರು. ಚಿಂತೆಗೆ ಕಾರಣ ಮಧ್ಯದಲ್ಲೇ ನಿಲ್ಲಿಸಿದ ಚಿಕಿತ್ಸೆ ಮತ್ತು ಮನೆಯವರಿಗೆ ಗೊತ್ತಿಲ್ಲದ ಚಿಕಿತ್ಸೆ.

ಭೇಟಿ ಒಂದೇ ಸಾಲದು, ಎರಡಾದರೂ ಬೇಕು. ಮೊದಲನೆಯದನ್ನು ಎಲ್ಲರೂ ಮನೆಯಲ್ಲಿರುವ ಸಂಜೆಗೆ ಅಥವಾ ರಜಾದಿನಕ್ಕೆ ಇಟ್ಟುಕೊಳ್ಳಿ, ಎರಡು ಮೂರು ಗಂಟೆ ಬಿಡುವು ಮಾಡಿಕೊಂಡು ಹೋಗಿ. ಮೊದಲ ಅರ್ಧಗಂಟೆ ಎಲ್ಲರೂ ಸಿದ್ಧಪಡಿಸಿಕೊಂಡ ಮಾತನ್ನೇ ಆಡುತ್ತಾರೆ. ಅದು ಸಹಜ, ಅವರೂ ಪರೀಕ್ಷೆಗೆ ಕುಳಿತ ಭಾವದಲ್ಲಿರುತ್ತಾರೆ. ಎರಡನೆಯ ಭೇಟಿ ಸುಮಾರು ಎರಡು ವಾರದ ನಂತರ ಆಗಲಿ. ಮೊದಲ ಸಲ ಎತ್ತಿದ ಪ್ರಶ್ನೆಗಳ ಬಗ್ಗೆ ಆ ನಡುವೆ ಗಂಡ ಹೆಂಡತಿ ಮಾತಾಡಿಕೊಂಡರೇ ಎಂಬುದೇ ಒಂದು ಮುಖ್ಯ ಉತ್ತರ. ಒಟ್ಟಿಗೆ ಕೂರಿಸಿ ಒಮ್ಮೆ, ಬೇರೆ ಬೇರೆಯಾಗಿ ಒಮ್ಮೆ ಮಾತನಾಡಿಸುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಹೆಂಡತಿಯೊಡನೆ ಅಡುಗೆಮನೆಯಲ್ಲಿ ಐದು ನಿಮಿಷ ಮಾತಾಡಿದರೆ ಅದು ಪ್ರತ್ಯೇಕ ಸಂದರ್ಶನವಾಗುವುದಿಲ್ಲ. ಬೇರೆ ಕೋಣೆಯಿಲ್ಲದ ಮನೆಯಾದರೆ ಕಚೇರಿಗೆ ಕರೆಸಿ.

ಬೇರೆ ಬೇರೆಯಾಗಿ ಕೇಳುವಾಗ ಮೂರು ಪ್ರಶ್ನೆಯನ್ನು ಇಬ್ಬರಿಗೂ ಒಂದೇ ಮಾತಿನಲ್ಲಿ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ದತ್ತು ಎಂಬ ಮಾತನ್ನು ಮೊದಲು ಎತ್ತಿದವರು ಯಾರು, ಇನ್ನೊಬ್ಬರು ಆಗ ಏನೆಂದರು? ಮಗು ಬಂದ ಒಂದು ವರ್ಷಕ್ಕೆ ಅದಕ್ಕೆ ಕಿವಿ ಕೇಳುವುದಿಲ್ಲವೆಂದೋ ಬುದ್ಧಿ ಬೆಳವಣಿಗೆ ನಿಧಾನವೆಂದೋ ತಿಳಿದರೆ ಏನು ಮಾಡುತ್ತೀರಿ? ಮಗುವಿಗೆ ದತ್ತಿನ ವಿಷಯವನ್ನು ಯಾವಾಗ, ಯಾರು, ಯಾವ ಮಾತಿನಲ್ಲಿ ಹೇಳುತ್ತೀರಿ? ಎರಡೂ ಹಾಳೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಭಿನ್ನಾಭಿಪ್ರಾಯ ಕಾಣುತ್ತದೆ. ಭಿನ್ನಾಭಿಪ್ರಾಯ ಇರುವುದು ತಪ್ಪಲ್ಲ. ಹಾಗೊಂದು ಇದೆಯೆಂದೇ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲದಿರುವುದು ತೊಂದರೆ. ‘ಅವಳಿಗೆ ಇಷ್ಟ ಅಂದ್ರೆ ನಂದೇನೂ ಅಭ್ಯಂತರ ಇಲ್ಲ’ ಎಂಬ ಮಾತು ಬಹಳ ಸಲ ಕಿವಿಗೆ ಬೀಳುತ್ತದೆ. ಇದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಏಳುವವರು ಯಾರು, ಸಂಸ್ಥೆಗೆ ಹೋಗಿ ಮಗುವನ್ನು ನೋಡಲು ರಜೆ ಹಾಕುವವರು ಯಾರು ಎಂದು ಮುಂದುವರಿಸಿ ಕೇಳಿ. ಅಭ್ಯಂತರವಿಲ್ಲ ಎಂದವರು ಅಲ್ಲಿ ತಡವರಿಸುತ್ತಾರೆ.

ಇನ್ನು ಕಾರಣದ ವಿಷಯ. ಅಧ್ಯಯನದ ಅರ್ಧ ಭಾಗ ಇದೇ. ಅರ್ಜಿ ಹಾಕುವ ಎಷ್ಟೋ ದಂಪತಿಗಳು ಮಕ್ಕಳಾಗದ ನೋವನ್ನು ವರ್ಷಗಟ್ಟಲೆ ಉಂಡವರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವರು, ನೆಂಟರ ಮನೆಯ ನಾಮಕರಣಕ್ಕೆ ಹೋಗಲು ಹಿಂಜರಿದವರು. ಆ ನೋವು ಪೂರ್ತಿ ಆರಬೇಕೆಂದು ಯಾರೂ ಹೇಳುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವಷ್ಟಾದರೂ ಹಳೆಯದಾಗಿರಬೇಕು. ಕೊನೆಯ ಚಿಕಿತ್ಸೆ ಯಾವ ತಿಂಗಳು, ಈಗ ನಿಂತಿದೆಯೇ, ಆಸ್ಪತ್ರೆಯಲ್ಲಿ ಶೇಖರಿಸಿಟ್ಟ ಭ್ರೂಣ ಇದೆಯೇ ಎಂದು ನೇರವಾಗಿ, ಮೆತ್ತಗಿನ ದನಿಯಲ್ಲಿ ಕೇಳಿ. ಒಂದು ಕಡೆ ಐವಿಎಫ್, ಇನ್ನೊಂದು ಕಡೆ ದತ್ತು ನೋಂದಣಿ ನಡೆಯುತ್ತಿದ್ದರೆ, ಇತ್ತ ಗರ್ಭ ನಿಂತ ದಿನ ಅತ್ತ ಬರಬೇಕಿದ್ದ ಮಗು ಎರಡನೆಯ ಆಯ್ಕೆಯಾಗಿಬಿಡುತ್ತದೆ. ಒಂದು ಮಗುವನ್ನು ದತ್ತು ತಗೊಂಡರೆ ಆಮೇಲೆ ಸ್ವಂತ ಮಗು ಆಗುತ್ತದೆ ಎಂದು ಹಿರಿಯರೋ ಜ್ಯೋತಿಷಿಗಳೋ ಹೇಳಿದ್ದನ್ನು ನಂಬಿ ಬರುವವರಿದ್ದಾರೆ. ಅವರಿಗೆ ಬೇಕಾಗಿರುವುದು ಈ ಮಗುವಲ್ಲ, ಅದರ ಹಿಂದೆ ಬರಲಿದೆಯೆಂದು ನಂಬಿರುವ ಇನ್ನೊಂದು ಮಗು. ಇಂಥಲ್ಲಿ ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿ ಆಪ್ತಸಮಾಲೋಚನೆಗೆ ಕಳಿಸುವುದೇ ಸರಿ.

ಮಗುವನ್ನು ಕಳೆದುಕೊಂಡವರ ಮನೆಯಲ್ಲಿ ಗೋಡೆಯ ಮೇಲಿನ ಫೋಟೊ ನೋಡಿ, ಅದರ ಬಗ್ಗೆ ಮಾತಾಡಲು ಬಿಡಿ. ಅದೇ ವಯಸ್ಸು, ಅದೇ ಲಿಂಗ, ಅದೇ ಹೆಸರು ಇಡುತ್ತೇವೆ ಎಂದರೆ ಬರುವ ಮಗುವಿಗೆ ಇನ್ನೊಬ್ಬರ ಜಾಗ ತುಂಬುವ ಕೆಲಸ ಕಾದಿದೆ ಎಂದರ್ಥ. ಪುಣ್ಯ ಬರುತ್ತದೆ, ಒಂದು ಅನಾಥ ಜೀವಕ್ಕೆ ದಾರಿಯಾಗುತ್ತದೆ ಎನ್ನುವವರ ಮನಸ್ಸು ಒಳ್ಳೆಯದೇ. ಆದರೆ ಹದಿನಾಲ್ಕರ ವಯಸ್ಸಿನಲ್ಲಿ ಆ ಮಗು ಎದುರು ಮಾತಾಡಿದಾಗ ‘ನಿನ್ನನ್ನು ಎಲ್ಲಿಂದ ತಂದೆವು ಗೊತ್ತಾ’ ಎಂಬ ಮಾತು ಬಾಯಿಗೆ ಬರುವುದು ಇಂಥ ಮನೆಗಳಲ್ಲೇ ಹೆಚ್ಚು. ಆಸ್ತಿಗೆ ವಾರಸುದಾರ ಬೇಕು, ಮುಪ್ಪಿನಲ್ಲಿ ನೋಡಿಕೊಳ್ಳಲು ಒಬ್ಬರು ಬೇಕು, ಇರುವ ಮಗುವಿಗೆ ಜೊತೆ ಬೇಕು ಎಂಬ ಕಾರಣಗಳು ಸ್ವಂತ ಮಕ್ಕಳನ್ನು ಹೆರುವವರಲ್ಲೂ ಇರುತ್ತವೆ. ಅವು ಇದ್ದ ಮಾತ್ರಕ್ಕೆ ಬೇಡವೆನ್ನಬೇಕಿಲ್ಲ. ಅವುಗಳ ಜೊತೆಗೆ ಮಗುವನ್ನು ಸಾಕುವ ಆಸೆಯೂ ಇದೆಯೇ ಎಂಬುದನ್ನು ನೋಡಬೇಕು.

ಕೂಡು ಕುಟುಂಬದಲ್ಲಿ ಮಗುವನ್ನು ಹಗಲೆಲ್ಲ ನೋಡಿಕೊಳ್ಳುವವರು ಅಜ್ಜಿ. ಅಜ್ಜಿಯನ್ನು ಮಾತನಾಡಿಸದೆ ಬಂದ ಅಧ್ಯಯನ ಅಪೂರ್ಣ. ಮಗು ಯಾವ ಜಾತಿಯದು ಎಂದು ಅವರು ಕೇಳಿದರೆ ಸಿಡುಕಬೇಡಿ, ಕೇಳಿದ್ದೇ ಒಳ್ಳೆಯದಾಯಿತು. ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ ಎಂದು ಹೇಳಿ ಅವರ ಮುಖ ನೋಡಿ. ಮಗುವಿನ ಬಣ್ಣ, ರೂಪ, ಜಾತಕ, ದೇವರ ಕೋಣೆಗೆ ಹೋಗುವುದು, ಹಬ್ಬದ ದಿನ ಪಂಕ್ತಿಯಲ್ಲಿ ಕೂರುವುದು, ಮನೆತನದ ಹೆಸರು ಎಲ್ಲವನ್ನೂ ಕೇಳಿ. ಅಣ್ಣತಮ್ಮಂದಿರು ಒಟ್ಟಿಗಿದ್ದರೆ ಆಸ್ತಿಯ ಮಾತನ್ನು ಮುಚ್ಚಿಡಬೇಡಿ. ದತ್ತು ಆದೇಶವಾದ ದಿನದಿಂದ ಆ ಮಗು ಕಾನೂನಿನ ಕಣ್ಣಿನಲ್ಲಿ ಅವರ ಹೊಟ್ಟೆಯಲ್ಲೇ ಹುಟ್ಟಿದ ಮಗು, ವಾರಸಾ ಹಕ್ಕೂ ಸೇರಿದಂತೆ. ಇದನ್ನು ಬಾಲನ್ಯಾಯ ಕಾಯ್ದೆಯ 63ನೇ ಕಲಮು ಹೇಳುತ್ತದೆ ಎಂದು ಎಲ್ಲರ ಮುಂದೆ ತಿಳಿಸಿ. ಒಬ್ಬ ಹಿರಿಯರು ಒಪ್ಪದಿದ್ದರೆ ಅರ್ಜಿ ತಳ್ಳಿಹಾಕಬೇಕೆಂದೇನೂ ಇಲ್ಲ. ಒಪ್ಪದವರು ಅದೇ ಮನೆಯಲ್ಲಿದ್ದಾರೆಯೇ, ಮಗು ದಿನಕ್ಕೆಷ್ಟು ಹೊತ್ತು ಅವರ ಕೈಯಲ್ಲಿರುತ್ತದೆ, ಅವರು ಕುಹಕದ ಮಾತಾಡಿದರೆ ಗಂಡ ಹೆಂಡತಿ ಮಗುವಿನ ಪರ ನಿಲ್ಲುತ್ತಾರೆಯೇ ಎಂಬುದು ಮುಖ್ಯ.

ಮನೆಯಲ್ಲಿ ಈಗಾಗಲೇ 5 ವರ್ಷ ದಾಟಿದ ಮಗುವಿದ್ದರೆ ಅದರ ಒಪ್ಪಿಗೆಯೂ ದಾಖಲೆಗಳಲ್ಲಿ ಒಂದು. ಅಪ್ಪ ಅಮ್ಮ ಹೇಳಿಕೊಟ್ಟ ‘ನಂಗೆ ತಂಗಿ ಬೇಕು’ ಎಂಬ ಒಂದು ವಾಕ್ಯಕ್ಕೆ ಸಹಿ ಹಾಕಿಸಿ ಬರಬೇಡಿ. ಕಾಗದ, ಬಣ್ಣದ ಪೆನ್ಸಿಲು ಕೊಟ್ಟು ಮನೆಯವರನ್ನೆಲ್ಲ ಬರೆಯಲು ಹೇಳಿ, ಬರುವ ಮಗು ಎಲ್ಲಿ ಮಲಗುತ್ತದೆ, ನಿನ್ನ ಆಟಿಕೆ ಮುರಿದರೆ ಏನು ಮಾಡುತ್ತೀಯ ಎಂದು ಕೇಳಿ. ಬರುವ ಮಗು ತನಗಿಂತ ಕಿರಿಯದು ಎಂದು ಅದು ನಂಬಿದ್ದು, ಪೋಷಕರು ಅರ್ಜಿಯಲ್ಲಿ ಅದಕ್ಕಿಂತ ಹಿರಿಯ ವಯೋಗುಂಪಿಗೆ ಗುರುತು ಹಾಕಿದ್ದರೆ ಅಲ್ಲೇ ಮಾತಾಡಬೇಕು. ಮೊದಲ ಮಗುವಿನ ಜಾಗ ಏಕಾಏಕಿ ಕೆಳಗಿಳಿಯುವುದು ಮನೆ ಕದಡಲು ಸಾಕು.

ಒಂಟಿ ಪೋಷಕರ ವಿಷಯದಲ್ಲಿ ‘ಮದುವೆ ಯಾಕೆ ಆಗಲಿಲ್ಲ’ ಎಂದು ಅರ್ಧ ಗಂಟೆ ಕಳೆಯುವ ಕಾರ್ಯಕರ್ತರಿದ್ದಾರೆ. ಅದರಿಂದ ಮಗುವಿಗೆ ಪ್ರಯೋಜನವಿಲ್ಲ. ಅವರಿಗೆ ಜ್ವರ ಬಂದಾಗ ಮಗುವನ್ನು ನೋಡುವವರ ಹೆಸರೇನು, ಅವರ ಮನೆ ಎಷ್ಟು ದೂರ, ಅವರನ್ನು ನೀವು ಖುದ್ದಾಗಿ ಕಂಡಿರಾ ಎಂಬುದನ್ನು ಬರೆಯಿರಿ. ಹತ್ತಿರದ ಬಂಧುವಿನ ಮುಚ್ಚಳಿಕೆ ಪತ್ರ ಕಡತದಲ್ಲಿರುತ್ತದೆ. ಸಹಿ ಹಾಕಿದವರಿಗೆ ಅದರಲ್ಲೇನಿದೆ ಎಂದು ಗೊತ್ತಿದೆಯೇ ಎಂದು ಫೋನ್ ಮಾಡಿಯಾದರೂ ತಿಳಿಯಿರಿ.

ಮನೆಯ ಕಟ್ಟಡದ ಬಗ್ಗೆ ಹೇಳುವುದು ಕಡಿಮೆ. ಸ್ವಂತ ಮನೆ ಇರಬೇಕೆಂಬ ನಿಯಮ ಇಲ್ಲ. ಅಮೃತಶಿಲೆಯ ನೆಲ ಕಂಡಾಗ ನಮ್ಮ ಪೆನ್ನು ಉದಾರವಾಗುತ್ತದೆ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬಿಗಿಯಾಗುತ್ತದೆ. ಈ ಪಕ್ಷಪಾತವನ್ನು ಅರಿತುಕೊಂಡೇ ಒಳಗೆ ಹೋಗಬೇಕು. ನೀರು, ಶೌಚಾಲಯ, ಮಗು ಮಲಗುವ ಜಾಗ, ಹತ್ತಿರದ ಆಸ್ಪತ್ರೆ ಇವಿಷ್ಟನ್ನು ಬರೆಯಿರಿ. ಅಪಾಯ ಹುಡುಕುವಾಗ ನಿಮ್ಮ ಎತ್ತರದಿಂದ ನೋಡದೆ, ನಡೆಯಲು ಕಲಿತ ಮಗುವಿನ ಎತ್ತರಕ್ಕೆ ಬಗ್ಗಿ ನೋಡಿ. ಸಂಪಿನ ಮುಚ್ಚಳ ಎತ್ತಲು ಎಷ್ಟು ಭಾರ, ಅದಕ್ಕೆ ಚಿಲಕವಿದೆಯೇ? ಬಾವಿಗೆ ಕಟ್ಟೆ, ಜಾಲರಿ ಇವೆಯೇ? ಬಾಲ್ಕನಿಯ ಕಂಬಿಗಳ ನಡುವಿನ ಸಂದಿ 10 ಸೆಂಟಿಮೀಟರಿಗಿಂತ ಅಗಲವಾಗಿದ್ದರೆ ಎಳೆಮಗು ತೂರಿಕೊಳ್ಳುವ ಅಪಾಯವಿದೆ. ರೈತರ ಮನೆಯಲ್ಲಿ ಕೀಟನಾಶಕದ ಡಬ್ಬಿ, ಎಲ್ಲ ಮನೆಯಲ್ಲೂ ಮಾತ್ರೆಗಳ ಡಬ್ಬಿ ಎಲ್ಲಿದೆ ಎಂದು ತೋರಿಸಲು ಹೇಳಿ. ಇವೆಲ್ಲ ಸರಿಪಡಿಸಬಹುದಾದವು. ಮೊದಲ ಭೇಟಿಯಲ್ಲಿ ಹೇಳಿದ್ದನ್ನು ಎರಡನೆಯ ಭೇಟಿಯ ಹೊತ್ತಿಗೆ ಸರಿಪಡಿಸಿದ್ದರೆ, ಹೇಳಿದ ಮಾತನ್ನು ಕೇಳುವವರು ಎಂಬುದೂ ತಿಳಿಯಿತು. ಅದನ್ನೂ ವರದಿಯಲ್ಲಿ ಬರೆಯಿರಿ.

ಹಣದ ವಿಷಯದಲ್ಲಿ ಸಂಬಳದ ಚೀಟಿಯೊಂದರಿಂದ ಏನೂ ಗೊತ್ತಾಗದು. ತಿಂಗಳಿಗೆ ಕೈಗೆ ಬರುವ ಮೊತ್ತದಿಂದ ಬಾಡಿಗೆ, ಸಾಲದ ಕಂತು, ಹಿರಿಯರ ಔಷಧಿ ಕಳೆಯಿರಿ. ಒಬ್ಬರು ಮಗುವಿಗಾಗಿ ಆರು ತಿಂಗಳು ಕೆಲಸ ಬಿಟ್ಟರೆ ಉಳಿದದ್ದರಲ್ಲಿ ಸಂಸಾರ ನಡೆಯುತ್ತದೆಯೇ? 30 ಸಾವಿರ ದುಡಿದು ಸಾಲವಿಲ್ಲದ ಮನೆ ಈ ಲೆಕ್ಕದಲ್ಲಿ ಪಾಸಾಗಬಹುದು, ಒಂದೂವರೆ ಲಕ್ಷ ದುಡಿದು ಮೂರು ಕಂತು ಕಟ್ಟುವ ಮನೆ ಫೇಲಾಗಬಹುದು. ಗೃಹ ಅಧ್ಯಯನಕ್ಕೆ ನಿಗದಿಯಾದ ಶುಲ್ಕ 6,000 ರೂಪಾಯಿ. ಅದರಾಚೆ ಒಂದು ಪೈಸೆ, ಒಂದು ಉಡುಗೊರೆ, ಒಂದು ಆಟೊ ಬಾಡಿಗೆಯನ್ನೂ ಕುಟುಂಬದಿಂದ ಪಡೆಯಬೇಡಿ. ಕಾಣಿಕೆ ಕೊಟ್ಟ ಕುಟುಂಬ ಮುಂದೆ ತೊಂದರೆಯಾದಾಗ ನಿಮಗೆ ನಿಜ ಹೇಳುವುದಿಲ್ಲ.

ಕುಡಿತ ಮತ್ತು ಹೊಡೆತದ ಪ್ರಶ್ನೆ ಕೇಳಲು ಎಲ್ಲರಿಗೂ ಸಂಕೋಚ. ‘ಕುಡಿಯುತ್ತೀರಾ’ ಎಂದರೆ ‘ಇಲ್ಲ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಕೊನೆಯ ಸಲ ಯಾವಾಗ, ಯಾರ ಜೊತೆ, ಆ ದಿನ ಮನೆಗೆ ಬಂದದ್ದು ಎಷ್ಟು ಗಂಟೆಗೆ’ ಎಂದು ಕೇಳಿದರೆ ಉತ್ತರಕ್ಕೆ ಆಕಾರ ಬರುತ್ತದೆ. ಶಿಸ್ತಿನ ಬಗ್ಗೆ ಕೇಳುವಾಗ ಮುಂದೆ ಏನು ಮಾಡುತ್ತೀರಿ ಎಂದು ಕೇಳುವ ಮೊದಲು, ನೀವು ಚಿಕ್ಕವರಿದ್ದಾಗ ನಿಮ್ಮಪ್ಪ ಏನು ಮಾಡುತ್ತಿದ್ದರು ಎಂದು ಕೇಳಿ. ಪೆಟ್ಟು ತಿಂದು ಬೆಳೆದವರೆಲ್ಲ ಹೊಡೆಯುವುದಿಲ್ಲ. ‘ಹೊಡೆದದ್ದಕ್ಕೇ ನಾನು ಮನುಷ್ಯನಾದೆ’ ಎನ್ನುವವರೊಡನೆ ಮಾತ್ರ ಇನ್ನೂ ಒಂದು ಗಂಟೆ ಕೂರಬೇಕು.

ಸಂಸ್ಥೆಯಲ್ಲಿ ಎರಡು ಮೂರು ವರ್ಷ ಕಳೆದ ಮಗು ಮನೆಗೆ ಬಂದಾಗ ಏನಾಗುತ್ತದೆ ಎಂಬುದನ್ನು ಕುಟುಂಬಕ್ಕೆ ಮೊದಲೇ ಬಿಡಿಸಿ ಹೇಳಿ, ಅವರ ಪ್ರತಿಕ್ರಿಯೆಯನ್ನು ಗಮನಿಸಿ. ಮೊದಲ ಕೆಲವು ವಾರ ಮಗು ತುಂಬ ಒಳ್ಳೆಯದಾಗಿರುತ್ತದೆ, ಯಾರು ಕರೆದರೂ ಹೋಗುತ್ತದೆ, ಯಾರ ತೊಡೆಯನ್ನಾದರೂ ಏರುತ್ತದೆ. ಪೋಷಕರು ಇದನ್ನು ಹೊಂದಿಕೊಂಡಿತು ಎಂದು ತಿಳಿಯುತ್ತಾರೆ. ಯಾರೊಬ್ಬರನ್ನೂ ತನ್ನವರೆಂದು ಇನ್ನೂ ಹಿಡಿದಿಲ್ಲ ಎಂಬುದಕ್ಕೂ ಅದೇ ಲಕ್ಷಣ. ಆಮೇಲೆ ದಿಂಬಿನಡಿ ರೊಟ್ಟಿ ಬಚ್ಚಿಡುವುದು, ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು, ಸುಳ್ಳು ಹೇಳುವುದು, ಅಮ್ಮನನ್ನು ಕಚ್ಚುವುದು ಶುರುವಾಗಬಹುದು. ಎಷ್ಟು ಕಾಡಿದರೂ ಇವರು ನನ್ನನ್ನು ಇಟ್ಟುಕೊಳ್ಳುತ್ತಾರೆಯೇ ಎಂದು ಮಗು ಪರೀಕ್ಷಿಸುವ ಕಾಲ ಅದು. ಬೇರೆ ರಾಜ್ಯದ ಮಗುವಾದರೆ ಹಸಿವು, ನೋವು, ಶೌಚದ ಮಾತೂ ಪೋಷಕರಿಗೆ ಅರ್ಥವಾಗುವುದಿಲ್ಲ. ಸಂಸ್ಥೆಯ ಆಯಾ ಮಾತಾಡುವ ಇಪ್ಪತ್ತು ಮೂವತ್ತು ಪದಗಳನ್ನು ಬರೆದುಕೊಂಡು ಕಲಿಯಲು ಇವರು ತಯಾರಿದ್ದಾರೆಯೇ? ದೊಡ್ಡ ಮಗುವನ್ನು ಕೊಟ್ಟು, ಕೆಲವೇ ತಿಂಗಳಲ್ಲಿ ‘ಹೊಂದಿಕೆಯಾಗಲಿಲ್ಲ’ ಎಂದು ವಾಪಸು ಬರುವ ಪ್ರಕರಣಗಳಲ್ಲಿ ಹಿಂದಿನ ವರದಿ ತೆಗೆದು ನೋಡಿದರೆ ಈ ಯಾವ ಮಾತೂ ನಡೆದಿರುವುದಿಲ್ಲ. ಕಾಯುವ ಪಟ್ಟಿ ಉದ್ದವಿದೆ, ಬೇಗ ಸಿಗುತ್ತದೆ ಎಂದು 4ರಿಂದ 8ರ ವಯೋಗುಂಪಿಗೆ ಗುರುತು ಹಾಕಿದವರು, ಮನಸ್ಸಿನಲ್ಲಿ ಇಟ್ಟುಕೊಂಡದ್ದು ತೊಟ್ಟಿಲ ಮಗುವನ್ನೇ. ಗುರುತು ಹಾಕಿದ್ದಕ್ಕೂ ಬಯಸಿದ್ದಕ್ಕೂ ಇರುವ ಅಂತರವನ್ನು ಹಿಡಿಯುವುದು ಕಾರ್ಯಕರ್ತರ ಹೊಣೆ.

ಮಗುವಿಗೆ ದತ್ತಿನ ವಿಷಯ ಹೇಳುವುದರಲ್ಲಿ ರಾಜಿಯೇ ಬೇಡ. ದೊಡ್ಡವನಾದ ಮೇಲೆ ಹೇಳುತ್ತೇವೆ ಎಂಬುದು ಯೋಜನೆಯಲ್ಲ. ಮೂರು ನಾಲ್ಕು ವರ್ಷದ ಹೊತ್ತಿಗೆ ಮಗುವಿಗೆ ಆ ಪದ ಕಿವಿಗೆ ಬಿದ್ದಿರಬೇಕು, ಕತೆಯ ರೂಪದಲ್ಲಿ, ಅದನ್ನು ಕರೆತಂದ ದಿನದ ಫೋಟೊ ತೋರಿಸುತ್ತ. ಊರು ಬಿಟ್ಟು ಹೋಗಿ ಮಗುವಿನೊಡನೆ ಮರಳಿ, ಹೆತ್ತೆವು ಎಂದು ಹೇಳುವ ಯೋಚನೆ ಇದ್ದರೆ ಒಂದನ್ನು ನೆನಪಿಸಿ: 18 ತುಂಬಿದ ಮೇಲೆ ಆ ಮಗು ತಾನೇ ಅರ್ಜಿ ಹಾಕಿ ತನ್ನ ಮೂಲ ಹುಡುಕಲು ನಿಯಮಾವಳಿ ಅವಕಾಶ ಕೊಟ್ಟಿದೆ. ಅದಕ್ಕೂ ಮೊದಲೇ ಮದುವೆ ಮನೆಯಲ್ಲೋ ಶಾಲೆಯಲ್ಲೋ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಹೆತ್ತ ತಾಯಿಯ ಬಗ್ಗೆ ಮಗು ಕೇಳಿದರೆ ಏನನ್ನುತ್ತೀರಿ ಎಂದು ಪೋಷಕರಿಂದ ಬಾಯಿಬಿಟ್ಟು ಹೇಳಿಸಿ. ಆಕೆಯ ಬಗ್ಗೆ ತುಚ್ಛವಾಗಿ ಮಾತಾಡುವವರು, ಅರಿವಿಲ್ಲದೆ ಮಗುವಿನ ಬಗ್ಗೆಯೂ ಹಾಗೆಯೇ ಮಾತಾಡುತ್ತಿರುತ್ತಾರೆ.

ಈಗ ಬರವಣಿಗೆಗೆ ಬರೋಣ. ನೋಡಿದ ದಿನವೇ ಬರೆಯಿರಿ. ಕಂಡದ್ದು ಒಂದು ವಾಕ್ಯ, ಅದರಿಂದ ನೀವು ತಿಳಿದದ್ದು ಬೇರೆ ವಾಕ್ಯ. ‘ಅತ್ತೆಯ ಬೆಂಬಲವಿದೆ’ ಎಂಬುದರ ಬದಲು ಹೀಗೆ: ‘ಅತ್ತೆಗೆ 68 ವರ್ಷ. ಮೊಣಕಾಲು ನೋವಿನಿಂದ ಮಗುವನ್ನು ಎತ್ತಿಕೊಳ್ಳಲಾರರು. ಮೊದಲ ಭೇಟಿಯಲ್ಲಿ ಜಾತಿ ವಿಚಾರಿಸಿದರು. ಎರಡನೆಯ ಭೇಟಿಯಲ್ಲಿ, ಯಾರದಾದರೇನು, ಮನೆಗೆ ಬಂದ ಮೇಲೆ ನಮ್ಮದೇ ಎಂದರು, ಮಗುವಿಗೆಂದು ಹೊಲಿದಿಟ್ಟ ಕೌದಿ ತೋರಿಸಿದರು. ಹಗಲಿನಲ್ಲಿ 2 ವರ್ಷದೊಳಗಿನ ಮಗುವನ್ನು ಇವರೊಬ್ಬರ ಕೈಗೆ ಬಿಡುವುದು ಕಷ್ಟ. ಸೊಸೆ 6 ತಿಂಗಳ ರಜೆಯ ನಂತರ ನೆರವಿನವರನ್ನು ಇಟ್ಟುಕೊಳ್ಳುವುದಾಗಿ ಹೇಳಿದ್ದಾರೆ.’ ಆರೇಳು ವಾಕ್ಯದಲ್ಲಿ ಒಬ್ಬ ವ್ಯಕ್ತಿ ಕಾಣುತ್ತಾರೆ, ಮಿತಿಯೂ ಕಾಣುತ್ತದೆ, ಬದಲಾವಣೆಯೂ ಕಾಣುತ್ತದೆ. ಶಿಫಾರಸು ಬರೆಯುವಾಗ ವಯೋಗುಂಪು, ಒಂದು ಮಗುವೋ ಒಡಹುಟ್ಟಿದವರೋ, ಯಾವ ಬಗೆಯ ಆರೋಗ್ಯ ಸಮಸ್ಯೆಯನ್ನು ನಿಭಾಯಿಸಬಲ್ಲರು, ಯಾವುದನ್ನು ಆಗದೆಂದು ಅವರೇ ಹೇಳಿದರು ಎಂಬುದನ್ನು ಬಿಡಿಬಿಡಿಯಾಗಿ ಬರೆಯಿರಿ. ಸೀಳುತುಟಿಯ ಮಗುವನ್ನು ಒಪ್ಪುವವರು ಮೂರ್ಛೆರೋಗವಿರುವ ಮಗುವಿಗೆ ಸಿದ್ಧರಿರಲಿಕ್ಕಿಲ್ಲ. ಎರಡನ್ನೂ ‘ವಿಶೇಷ ಅಗತ್ಯ’ ಎಂದು ಒಂದೇ ಸಾಲಿಗೆ ಸೇರಿಸಬೇಡಿ.

ಪರಿಚಯ ಪತ್ರ ಕೊಟ್ಟ ಇಬ್ಬರೊಡನೆ ಫೋನಿನಲ್ಲಾದರೂ ಮಾತಾಡಿ. ಅಕ್ಕಪಕ್ಕದವರನ್ನು ವಿಚಾರಿಸಬೇಕೆನಿಸಿದರೆ ಮೊದಲು ಕುಟುಂಬದ ಅನುಮತಿ ಕೇಳಿ. ಅವರು ದತ್ತಿಗೆ ಅರ್ಜಿ ಹಾಕಿದ ಸಂಗತಿಯನ್ನು ಓಣಿಗೆ ತಿಳಿಸುವ ಹಕ್ಕು ನಮಗಿಲ್ಲ.

ಆಗದು ಎಂದು ಬರೆಯಬೇಕಾಗಿ ಬಂದಾಗ ಕೈ ನಡುಗುತ್ತದೆ. ಹತ್ತು ವರ್ಷ ಕಾದವರ ಮುಖ ನೋಡಿ ಇಲ್ಲವೆನ್ನುವುದು ಸುಲಭವಲ್ಲ, ಮೇಲಾಗಿ ಪ್ರಭಾವಿಗಳ ಫೋನುಗಳು ಬೇರೆ. ಈಗ ಬೇಡ ಎನ್ನುವುದಕ್ಕೂ ಎಂದಿಗೂ ಬೇಡ ಎನ್ನುವುದಕ್ಕೂ ವ್ಯತ್ಯಾಸ ಮಾಡಿ. ಚಿಕಿತ್ಸೆ ನಡೆಯುತ್ತಿದ್ದರೆ, ಆರು ತಿಂಗಳ ಹಿಂದೆ ಮನೆಯಲ್ಲಿ ಸಾವಾಗಿದ್ದರೆ, ಗಂಡನ ಮನಸ್ಸು ಇನ್ನೂ ಗಟ್ಟಿಯಾಗಿರದಿದ್ದರೆ ಅದು ಮುಂದೂಡುವ ಕಾರಣ. ಹೆಂಡತಿಯ ಮೇಲೆ ಕೈ ಮಾಡುವುದು, ಮುಚ್ಚಿಟ್ಟ ಅಪರಾಧ, ಮಗುವನ್ನು ಕೆಲಸಕ್ಕಿಟ್ಟುಕೊಳ್ಳುವ ಸುಳಿವು ಇವು ನಿರಾಕರಿಸುವ ಕಾರಣ. ಕಾರಣವನ್ನು ಪೋರ್ಟಲ್‌ನಲ್ಲಿ ದಾಖಲಿಸಬೇಕು, ಕುಟುಂಬಕ್ಕೆ ಎದುರಿಗೆ ಕೂತು ಹೇಳಬೇಕು, ಮೇಲ್ಮನವಿಗೆ ದಾರಿಯಿದೆ ಎಂದೂ ತಿಳಿಸಬೇಕು. ಆಸ್ಪತ್ರೆಯಿಂದಲೋ ಮಧ್ಯವರ್ತಿಯಿಂದಲೋ ನೇರವಾಗಿ ಮಗು ತರುವ ಯೋಚನೆ ಅವರಿಗೆ ಬಂದೀತು. ಕಾಯ್ದೆಯ 80ನೇ ಕಲಮಿನಡಿ ಅದಕ್ಕೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು ಎಂದು ಅಂದೇ ಎಚ್ಚರಿಸಿ.

ಇನ್ನೊಂದು ತೊಡಕು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಆರೋಗ್ಯವಂತ ಎಳೆಮಗುವಿಗಾಗಿ ಕಾಯುವ ಅವಧಿ ಈಗ ಮೂರು ವರ್ಷವನ್ನೂ ಮೀರುತ್ತಿದೆ. ವರದಿಯ ಆಯುಷ್ಯವೂ ಮೂರೇ ವರ್ಷ. ಅಂದರೆ ಮಗು ಬರುವ ಹೊತ್ತಿಗೆ ನೀವು ಬರೆದ ಮನೆ ಹಾಗೆಯೇ ಇರುವುದಿಲ್ಲ. ಮಾವ ತೀರಿಕೊಂಡಿರಬಹುದು, ಕೆಲಸ ಬದಲಾಗಿರಬಹುದು, ಹೆಂಡತಿ ಬಸುರಿಯಾಗಿರಬಹುದು. ವರದಿಯನ್ನು ನವೀಕರಿಸುವಾಗ ಹಳೆಯದಕ್ಕೆ ಹೊಸ ತಾರೀಕು ಹಾಕಿ ಮೇಲೆ ಕಳಿಸಬೇಡಿ. ಮತ್ತೊಮ್ಮೆ ಮನೆಗೆ ಹೋಗಿ, ಹಳೆಯ ವರದಿಯ ಒಂದೊಂದೇ ಭಾಗ ಓದಿ, ಏನು ಬದಲಾಗಿದೆ ಎಂದು ಕೇಳಿ. ಕಾಯುವ ನಡುವೆ ವರ್ಷಕ್ಕೊಮ್ಮೆಯಾದರೂ ಫೋನ್ ಮಾಡಿ. ಮಗುವಿನ ವಿವರ ಪೋರ್ಟಲ್‌ನಲ್ಲಿ ಬಂದಾಗ 48 ಗಂಟೆಯೊಳಗೆ ಕಾಯ್ದಿರಿಸಬೇಕು. ಮಗುವಿನ ವೈದ್ಯಕೀಯ ವರದಿಯನ್ನು ತಮ್ಮ ಮಕ್ಕಳ ವೈದ್ಯರಿಗೆ ತೋರಿಸಬಹುದು ಎಂಬುದು ಅವರಿಗೆ ಮೊದಲೇ ಗೊತ್ತಿರಲಿ, ಆ ವೈದ್ಯರು ಯಾರೆಂದೂ ತೀರ್ಮಾನವಾಗಿರಲಿ.

ಮಗು ಮನೆಗೆ ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಅನುಸರಣಾ ಭೇಟಿ ಇರುತ್ತದೆ. ಮೊದಲ ಭೇಟಿಗೆ ಹೋಗುವಾಗ ನೀವೇ ಬರೆದ ಗೃಹ ಅಧ್ಯಯನ ವರದಿಯ ಪ್ರತಿ ಚೀಲದಲ್ಲಿರಲಿ. ಮಗುವಿನ ತೂಕ, ನಿದ್ದೆ, ಊಟ, ಬಿದ್ದು ಪೆಟ್ಟಾದಾಗ ಯಾರ ಹತ್ತಿರ ಓಡುತ್ತದೆ ಎಂಬುದನ್ನು ನೋಡಿ ಬರೆಯಿರಿ. ಆಮೇಲೆ ಹಳೆಯ ಹಾಳೆ ತೆಗೆದು, ರಾತ್ರಿ ಏಳುತ್ತೇನೆ ಎಂದವರು ಏಳುತ್ತಿದ್ದಾರೆಯೇ, ರಜೆ ಸಿಕ್ಕಿತೇ, ಅಜ್ಜಿ ಏನನ್ನುತ್ತಾರೆ, ಆ ಮೊದಲ ಕತೆ ಹೇಳಲು ಶುರು ಮಾಡಿದರೇ ಎಂದು ಒಂದೊಂದಾಗಿ ಕೇಳಿ. ನೀವು ಅಂದುಕೊಂಡದ್ದು ಎಲ್ಲಿ ತಪ್ಪಿತು ಎಂಬುದನ್ನು ಅಂಚಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ, ಮುಂದಿನ ಮನೆಗೆ ಹೋಗುವ ಮೊದಲು ಓದಿಕೊಳ್ಳಲು.